ಕೈಮರದ ಎರಡು ದೀಪ

ಗದಗಿನ ಮನೋಕೇಂದ್ರದಲ್ಲಿದ್ದ ಕೈಮರ ಯಂತ್ರ ಒಬ್ಬರಿಗೆ ಒಂದೇ ದೀಪ ಹೊತ್ತಿಸುತ್ತಿತ್ತು. ಬಂದ ದಿನದಿಂದಲೂ ಅದರ ನಡತೆ ಹಾಗೆಯೇ. ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಹಜಾರದ ಎರಡು ಬಾಗಿಲುಗಳ ಮೇಲಿನ ದೀಪಗಳು ಜಗಳಕ್ಕೆ ಬಿದ್ದವು. ಒಂದು ಹೊತ್ತಿದರೆ ಇನ್ನೊಂದು ಆರುತ್ತಿತ್ತು, ಅದು ಹೊತ್ತಿದರೆ ಇದು ಆರುತ್ತಿತ್ತು. ಕಂಟ್ರೋಲ್ ರೂಮಿನಲ್ಲಿ ಕೂತಿದ್ದ ಯಂತ್ರದ ಎಂಜಿನಿಯರು ಸಂಗಮೇಶ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಡುವುದನ್ನೂ ಮರೆತು ಪರದೆಯನ್ನೇ ನೋಡಿದ.

ಕೈಮರವೆಂದರೆ ಕೂಡುದಾರಿಯಲ್ಲಿ ನಿಂತು ಯಾವ ಊರು ಯಾವ ಕಡೆಗೆ ಎಂದು ತೋರಿಸುವ ಮರದ ಕೈ. ಈ ಯಂತ್ರದ ಕೆಲಸವೂ ಅಷ್ಟೇ. ರೋಗ ಯಾವುದೆಂದು ಅದು ಹೇಳುವುದಿಲ್ಲ, ಮದ್ದು ಕೊಡುವುದಿಲ್ಲ, ಯಾರ ಹತ್ತಿರ ಹೋಗಬೇಕು ಎಂದಷ್ಟೇ ಹೇಳುತ್ತದೆ. ನೋಡುವುದಕ್ಕೆ ಕ್ಷೌರದಂಗಡಿಯ ಕುರ್ಚಿಯ ಹಾಗಿದೆ. ಬಂದವರು ಅದರ ಮೇಲೆ ಕೂತು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಯಂತ್ರ ಒಂದು ಕಡೆಯಿಂದ ಅವರ ಮಾತು ಕೇಳಿಸಿಕೊಳ್ಳುತ್ತದೆ. ಇನ್ನೊಂದು ಕಡೆಯಿಂದ ಕುರ್ಚಿಯ ಕೈಗಳು ನಾಡಿ, ಉಸಿರು, ಬೆವರು, ಬೆರಳ ನಡುಕ ಎಲ್ಲವನ್ನೂ ಹಿಡಿಯುತ್ತವೆ. ಮಾತನ್ನೂ ಮೈಯನ್ನೂ ಕೂಡಿಸಿ ತೂಗಿ, ಹಜಾರದ ಐದು ಬಾಗಿಲುಗಳಲ್ಲಿ ಒಂದರ ಮೇಲೆ ದೀಪ ಹೊತ್ತಿಸುತ್ತದೆ.

ಇಂಥದ್ದೊಂದು ಬೇಕಾದದ್ದು ಯಾಕೆಂದರೆ, ಹಿಂದೆ ಜನ ಪಟ್ಟ ಪಾಡು ನಗುವಂಥದ್ದೂ ಅಲ್ಲ, ಅಳುವಂಥದ್ದೂ ಅಲ್ಲ. ಮನಸ್ಸಿಗೆ ಸಂಬಂಧಪಟ್ಟವರೆಲ್ಲ ಊರವರ ಬಾಯಲ್ಲಿ ಹುಚ್ಚರ ಡಾಕ್ಟರೇ. ಯಾರೂ ಇಲ್ಲದಾಗ ಧ್ವನಿ ಕೇಳಿಸುತ್ತದೆ ಎನ್ನುವವನು ಮಾತ್ರೆ ಬರೆದುಕೊಡುವ ಮನೋವೈದ್ಯರ ಹತ್ತಿರ ಹೋಗದೆ, ಸಲಹೆ ಹೇಳುವವರ ಎದುರು ಕೂತು ಧೈರ್ಯ ತೆಗೆದುಕೊಂಡು ಮನೆಗೆ ಬರುತ್ತಿದ್ದ. ಪರೀಕ್ಷೆಯ ಭಯಕ್ಕೆ ನಾಲ್ಕು ಮಾತು ಬೇಕಾಗಿದ್ದ ಹುಡುಗಿ ನಿದ್ದೆ ಮಾತ್ರೆ ನುಂಗಿ ತೂಕಡಿಸುತ್ತಿದ್ದಳು. ರೋಗ ವಾಸಿಯಾಗಿ, ಇನ್ನು ಬೇಕಾದದ್ದು ಒಂದು ಕೆಲಸ ಮತ್ತು ಮನೆಯವರ ಒಪ್ಪಿಗೆ ಮಾತ್ರ ಎನ್ನುವಂಥವನನ್ನು ಮತ್ತೆ ಮತ್ತೆ ಆಸ್ಪತ್ರೆಗೇ ಎಳೆದು ತರುತ್ತಿದ್ದರು. ತಪ್ಪು ಬಾಗಿಲು ತಟ್ಟಿ ಸುಸ್ತಾದವರು ಸರಿ ಬಾಗಿಲಿನ ಗೊಡವೆಗೇ ಹೋಗುತ್ತಿರಲಿಲ್ಲ.

ಈಗ ಮೊದಲ ಬಾಗಿಲ ಹಿಂದೆ ಮನೋವೈದ್ಯೆ ಡಾ. ಫರೀದಾ ನದಾಫ್ ಇದ್ದರು. ಎರಡನೆಯದರ ಹಿಂದೆ ಮನಶ್ಶಾಸ್ತ್ರಜ್ಞೆ ಪ್ರತಿಭಾ ಕಟ್ಟೀಮನಿ. ಮೂರನೆಯದು ಆಪ್ತಸಲಹೆಯ ಕೋಣೆ. ಅಲ್ಲಿ ಪರೀಕ್ಷೆ, ಸಂಸಾರ, ಸಾವು ಎಂದು ಬದುಕಿನ ಬಿಕ್ಕಟ್ಟಿಗೆ ಸಿಕ್ಕವರು ಬಂದು ಮನಸ್ಸು ಹಗುರ ಮಾಡಿಕೊಂಡು ಹೋಗುತ್ತಿದ್ದರು. ನಾಲ್ಕನೆಯ ಬಾಗಿಲಿನ ಸೋಮಪ್ಪ ಲಮಾಣಿ ಮನೋಸಾಮಾಜಿಕ ಕಾರ್ಯಕರ್ತ. ಅವರು ತಮ್ಮ ಕುರ್ಚಿಯಲ್ಲಿ ಸಿಗುವುದೇ ಅಪರೂಪ, ಯಾರದೋ ಮನೆಯಲ್ಲಿ ಅತ್ತೆ ಸೊಸೆಯರ ನಡುವೆ ಕೂತಿರುತ್ತಿದ್ದರು, ಇಲ್ಲವೇ ಯಾರಿಗೋ ಕೆಲಸ ಕೇಳಿಕೊಂಡು ಯಾವುದೋ ಮಿಲ್ಲಿನ ಬಾಗಿಲಲ್ಲಿರುತ್ತಿದ್ದರು. ಐದನೆಯ ಬಾಗಿಲ ಆಚೆ ನರ್ಸ್‌ಗಳು, ಬಿಟ್ಟುಹೋದ ದಿನಚರಿಯನ್ನು ಸ್ನಾನದಿಂದ ಹಿಡಿದು ಮಗ್ಗದವರೆಗೆ ಮತ್ತೆ ಕಲಿಸುವವರು.

ಇಲ್ಲಿಗೆ ಬಂದದ್ದು ನಾಲ್ಕು ಜನಕ್ಕೆ ತಿಳಿದರೆ ಎಂಬ ನಾಚಿಕೆಯೊಂದಿತ್ತಲ್ಲ, ಅದಕ್ಕೂ ಉಪಾಯ ಮಾಡಿದ್ದರು. ಇಲ್ಲಿ ಯಾರೂ ಹೆಸರು ಹೇಳಬೇಕಿಲ್ಲ. ಬಾಗಿಲಲ್ಲಿ ಒಂದು ಹಕ್ಕಿಯ ಹೆಸರಿನ ಬಿಲ್ಲೆ ಕೊಡುತ್ತಾರೆ, ಒಳಗಿರುವಷ್ಟು ಹೊತ್ತು ನೀವು ಆ ಹಕ್ಕಿ. ಸೋಮವಾರ ಎರಡು ದೀಪ ಹೊತ್ತಿಸಿದ್ದು ಗೀಜಗ. ಗುರುವಾರ ಮತ್ತೆ ಅದೇ ಜಗಳವಾಯಿತು, ಈ ಸಲ ಮಿಂಚುಳ್ಳಿ. ಮುಂದಿನ ವಾರ ಗೊರವಂಕ. ಕಂಟ್ರೋಲ್ ರೂಮಿನ ಪರದೆಯಲ್ಲಿ ಮುಖ ಕಾಣುವುದಿಲ್ಲ, ಆದರೆ ನಾಡಿಯ ಗೆರೆ ನೋಡಿದರೆ ಮೂರೂ ಹಕ್ಕಿ ಒಂದೇ.

ಸಂಗಮೇಶನಿಗೆ ಕುತೂಹಲ ಹಿಡಿಯಿತು. ಕುತೂಹಲ ಹಿಡಿದರೆ ಅವನು ಬಿಡುವ ಪೈಕಿಯಲ್ಲ. ತಂತಿ ತಂತಿ ಬಿಚ್ಚಿ ನೋಡಿದ, ಕಟ್ಟಿದ, ಕಟ್ಟಿದ್ದು ಸರಿಯಿದೆಯೋ ಇಲ್ಲವೋ ಎಂದು ಮತ್ತೆ ಬಿಚ್ಚಿದ. ಕೇಂದ್ರದಲ್ಲಿ ಅವನ ಈ ಗುಣಕ್ಕೆ ಬಹಳ ಮರ್ಯಾದೆಯಿತ್ತು. ಸಂಗಮೇಶ ನೋಡಿದ್ದಾನೆ ಎಂದರೆ ಇನ್ನೊಬ್ಬರು ನೋಡುವ ಅಗತ್ಯವಿಲ್ಲ ಎನ್ನುತ್ತಿದ್ದರು. ಸಂಗಮೇಶ ಸ್ವತಃ ಇನ್ನೊಮ್ಮೆ ನೋಡುತ್ತಿದ್ದ ಎಂಬುದು ಬೇರೆ ಮಾತು. ಬೀಗ ಹಾಕಿ ಗೇಟಿನವರೆಗೆ ಹೋಗಿ, ಏನೋ ಮರೆತವನಂತೆ ವಾಪಸು ಬಂದು ಬೀಗ ಜಗ್ಗಿ ಹೋಗುವುದನ್ನು ನೋಡಿ ಕಾವಲುಗಾರರಿಗೂ ರೂಢಿಯಾಗಿತ್ತು.

ಅವನ ಮನೆ ಬೆಟಗೇರಿಯಲ್ಲಿ. ಮನೆಯಲ್ಲಿದ್ದವರು ಅವನು ಮತ್ತು ಅವನ ಅಕ್ಕ ಶಂಕ್ರವ್ವ, ಇಬ್ಬರೇ. ತಾಯಿ ತೀರಿದ ಮೇಲೆ ತಮ್ಮನನ್ನು ಬೆಳೆಸಿದ್ದು ಅವಳು. ಅವನು ಚಿಕ್ಕಂದಿನಲ್ಲಿ ಬಾಯಿ ಬಿಡದ ಹುಡುಗ. ಮಾಸ್ತರು ಹೆಸರು ಕೇಳಿದರೆ ಬಾಗಿಲಲ್ಲಿ ನಿಂತ ಅಕ್ಕ ಹೇಳುತ್ತಿದ್ದಳು, ಬಸ್ಸಿನವನು ವಯಸ್ಸು ಕೇಳಿದರೂ ಅಕ್ಕನೇ ಹೇಳುತ್ತಿದ್ದಳು. ಈಗ ಅವನ ತಲೆ ನರೆಯುತ್ತಿದ್ದರೂ ಆ ರೂಢಿ ಪೂರ್ತಿ ಹೋಗಿರಲಿಲ್ಲ. ಶಂಕ್ರವ್ವ ಮನೆಯಲ್ಲೇ ರೊಟ್ಟಿ ಮಾಡಿ ಮಾರುತ್ತಿದ್ದಳು. ಅವಳ ಜೋಳದ ರೊಟ್ಟಿ ಅಂದರೆ ಚಂದ್ರನನ್ನು ಅಳೆದು ಬಡಿದ ಹಾಗೆ ಎಂದು ಓಣಿಯವರು ಹೇಳುತ್ತಿದ್ದರು.

ಗೊರವಂಕ ಬಂದ ದಿನ ಸಂಜೆ ತಾಟಿಗೆ ಬಿದ್ದ ರೊಟ್ಟಿಯ ಅಂಚು ಹರಿದಿತ್ತು. ಸಂಗಮೇಶನ ಲಕ್ಷ್ಯ ಅತ್ತ ಹೋಗಲಿಲ್ಲ.

“ಮತ್ತ ಎರಡು ದೀಪ ಹತ್ತಿದುವಕ್ಕಾ. ಅದ ಹಕ್ಕಿ,” ಎಂದ.

ಶಂಕ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಮಾಗಿಯ ಚಳಿಯಲ್ಲೂ ಅವಳ ಕುತ್ತಿಗೆ ಬೆವರುತ್ತಿತ್ತು. “ಎರಡು ಹತ್ತಿದ್ರ ಏನರ್ಥಪಾ? ಕೆಟ್ಟದ್ದೇನು?”

“ಅರ್ಥ ಇಲ್ಲ. ಯಂತ್ರ ಕೆಟ್ಟೈತಿ, ಇಲ್ಲಾ ಹಕ್ಕಿ ಕೆಟ್ಟೈತಿ.”

“ಹಂಗನ್ನಬ್ಯಾಡ,” ಎಂದಳು ಅವಳು, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ. “ಪಾಪ, ಯಾರಿಗೇನು ಚಿಂತಿ ಇರ್ತೈತೋ.”

ಊಟವಾದ ಮೇಲೆ ಸಂಗಮೇಶ ಎಂದಿನಂತೆ ಎದ್ದು ಗ್ಯಾಸಿನ ರೆಗ್ಯುಲೇಟರ್ ತಿರುವಿ ನೋಡಿದ. ಹಿತ್ತಲ ಬಾಗಿಲು ನೋಡಿದ. ಮತ್ತೆ ಗ್ಯಾಸು ನೋಡಿದ. “ಅಕ್ಕಾ, ಬಂದ್ ಮಾಡೀನಿಲ್ಲೊ?” ಎಂದು ಕೇಳಿದ. “ಮಾಡಿಯಪಾ,” ಎಂದಳು ಅವಳು. ಅವನು ಹಣೆಗಿಡುವ ವಿಭೂತಿಯಿಂದ ರೆಗ್ಯುಲೇಟರಿನ ಮೇಲೆ ತೆಳ್ಳಗೆ ಒಂದು ಗೆರೆ ಎಳೆದ. ಅದು ಅಲುಗಿದರೆ ಗೆರೆ ಮುರಿಯುತ್ತದೆ, ಆಗ ತಿಳಿಯುತ್ತದೆ ಎಂಬುದು ಅವನೇ ಕಂಡುಹಿಡಿದ ಉಪಾಯ. ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು. ಆದರೆ ಗೆರೆ ನೋಡುವುದಕ್ಕೆಂದು ಅವನು ಮತ್ತೆ ಮತ್ತೆ ಏಳುತ್ತಿದ್ದ, ಅವನು ಎದ್ದಾಗಲೆಲ್ಲ ಶಂಕ್ರವ್ವ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಕೇಳಿಸಿಕೊಳ್ಳುತ್ತಿದ್ದಳು.

ಮರುದಿನ ಡಾ. ನದಾಫ್ ತಾವೇ ಕಂಟ್ರೋಲ್ ರೂಮಿಗೆ ಬಂದರು. ಪ್ರತಿಭಾ ಕೂಡ ಜೊತೆಗಿದ್ದರು.

“ಸಂಗಮೇಶ, ನಿಮ್ಮ ಎರಡು ದೀಪದ ಹಕ್ಕಿ ಮೊದಲನೇ ಸಲ ನನ್ನ ಕೋಣೆಗೆ ಬಂದಿತ್ತು,” ಎಂದರು ನದಾಫ್. “ಬಾಯಿ ಒಂದು ಹೇಳ್ತಿತ್ತು, ಕೈ ಇನ್ನೊಂದು ಹೇಳ್ತಿತ್ತು. ಬೆರಳು ನಡುಗತಾವ, ನಾಡಿ ಓಡತೈತಿ. ಊಟ ಸರಿ ಮಾಡ್ತೀರೇನು ಅಂದ್ರ ಮಾಡ್ತೀನಿ ಅಂತು, ಆದ್ರ ಮೈ ಇಳದೈತಿ. ನನಗ ಥೈರಾಯ್ಡ್ ಸಂಶೆ ಬಂತು. ರಕ್ತ ಕೊಡ್ರಿ ಅಂದೆ.”

“ಕೊಟ್ಟಿತೇನ್ರಿ?”

“ಮನ್ಯಾಗಿಂದ ಸೀಸೆದಾಗ ತಂದು ಕೊಡ್ಲೇನ್ರಿ ಅಂತ ಕೇಳ್ತು.”

ಮೂವರೂ ನಕ್ಕರು. ನದಾಫ್ ಮೊದಲು ನಗು ನಿಲ್ಲಿಸಿದರು. “ನಾ ಆವಾಗೂ ನಕ್ಕೆ. ನಗಬಾರದಿತ್ತು. ಹಕ್ಕಿ ಹಾರಿ ಹೋತು. ಆಮ್ಯಾಲೆ ನಿಮ್ಮ ಕುರ್ಚಿಗಷ್ಟ ಬರ್ತೈತಿ, ದೀಪ ನೋಡ್ತೈತಿ, ಹೋಗಿಬಿಡ್ತೈತಿ. ಒಂದೊಂದು ಸಲಕ್ಕೂ ನಾಡಿ ಜೋರಾಗಾಕತ್ತೈತಿ. ಹಿಂಗ ಬಿಟ್ರ ಹೃದಯಕ್ಕ ಪೆಟ್ಟು ಬೀಳ್ತೈತಿ. ತಡದು ನಿಲ್ಲಿಸಿದ್ರ ಮತ್ತ ಬರೂದ ಬಿಟ್ಟೀತು. ಹೆಸರಿಲ್ಲ, ಊರಿಲ್ಲ. ಎಲ್ಲಿ ಹುಡುಕೂದು?”

ಇಷ್ಟು ದಿನ ಸಂಗಮೇಶ ಇದನ್ನು ಯಂತ್ರದ ತೊಂದರೆ ಎಂದೇ ತಿಳಿದಿದ್ದ. ಪರದೆಯ ಮೇಲೆ ಕುಣಿಯುತ್ತಿದ್ದ ಆ ಗೆರೆ ಈಗ ಊರಿನಲ್ಲಿ ಎಲ್ಲೋ ಓಡಾಡಿಕೊಂಡಿರುವ ಒಂದು ಎದೆ ಆಯಿತು.

“ಒಂದು ಕೆಲಸ ಮಾಡೂಣ್ರಿ,” ಎಂದ. “ಮಾತು, ಮೈ, ಎರಡನ್ನೂ ಬ್ಯಾರೆ ಬ್ಯಾರೆ ಮಾಡಿ ಯಂತ್ರಕ್ಕ ಕೊಡ್ತೀನಿ. ಯಾವದ್ರಿಂದ ಎಡವಟ್ಟಾಗತೈತಿ ನೋಡೂಣು.”

ಮೊದಲು ಮಾತನ್ನು ಮುಚ್ಚಿದ. ನಾಡಿ, ಬೆವರು, ನಡುಕ ಇಷ್ಟನ್ನೇ ಯಂತ್ರಕ್ಕೆ ತೋರಿಸಿದ. ಮೊದಲ ಬಾಗಿಲಿನ ದೀಪ ಹೊತ್ತಿತು, ಅಲುಗಾಡಲಿಲ್ಲ. ಆಮೇಲೆ ಮೈಯನ್ನು ಮುಚ್ಚಿ ಮಾತನ್ನಷ್ಟೇ ಕೊಟ್ಟ. ಎರಡನೆಯ ಬಾಗಿಲಿನ ದೀಪ ಹೊತ್ತಿತು, ಅದೂ ಅಲುಗಾಡಲಿಲ್ಲ. ಯಂತ್ರಕ್ಕೆ ಯಾವ ಅನುಮಾನವೂ ಇರಲಿಲ್ಲ.

ಸಂಗಮೇಶ ಇನ್ನೊಮ್ಮೆ ಮಾಡಿ ನೋಡಿದ. ಮತ್ತೂ ಒಮ್ಮೆ ಮಾಡಹೊರಟಾಗ ಪ್ರತಿಭಾ ಅವನ ಕೈಯತ್ತ ನೋಡಿ, “ಸಾಕಲ್ಲ?” ಎಂದರು. ಅವನು ಬಿಟ್ಟ.

“ಹಂಗಾದ್ರ ಕುರ್ಚಿ ಮ್ಯಾಲ ಇಬ್ಬರು ಕೂತಾರ,” ಎಂದರು ಪ್ರತಿಭಾ.

“ತೂಕ ಒಬ್ಬರದ ಐತ್ರಿ.”

“ಕೂತವರು ಒಬ್ಬರು. ಮಾತು ಯಾರದೋ.”

ಮಾತು ಕೇಳಬೇಕೆಂದರೆ ವೈದ್ಯರ ಅಪ್ಪಣೆ ಬೇಕಿತ್ತು, ನದಾಫ್ ಕೊಟ್ಟರು. ಗುರುತು ಸಿಗಬಾರದೆಂದು ಯಂತ್ರ ಎಲ್ಲರ ದನಿಯನ್ನೂ ಅಳಿಸಿ ತನ್ನದೇ ಒಂದು ಸಪ್ಪೆ ದನಿಯಲ್ಲಿ ಮಾತನ್ನು ಇಟ್ಟುಕೊಳ್ಳುತ್ತಿತ್ತು. ಗಂಡಸೂ ಅಲ್ಲದ ಹೆಂಗಸೂ ಅಲ್ಲದ ಆ ದನಿ ಬೆಟಗೇರಿಯ ಮಾತನ್ನು ಸರ್ಕಾರಿ ಪ್ರಕಟಣೆಯ ಹಾಗೆ ಓದತೊಡಗಿತು.

“ನನಗ ಬೆಂಕಿದ್ದು ಅಂಜಿಕಿ. ಗ್ಯಾಸ್ ಬಂದ್ ಮಾಡಿ ಬರ್ತೀನಿ. ಅಂಗಳಾ ದಾಟೂದ್ರಾಗ ಮಾಡೀನೋ ಇಲ್ಲೋ ಅನಸ್ತೈತಿ. ತಿರುಗಿ ಹೋಗಿ ನೋಡ್ತೀನಿ. ಕೀಲಿ ಹಾಕ್ತೀನಿ, ಜಗ್ಗತೀನಿ, ಮತ್ತ ಬಂದು ಜಗ್ಗತೀನಿ. ನೋಡಲಿಲ್ಲಂದ್ರ ಎದ್ಯಾಗ ತಳಮಳ. ನೋಡಿದ್ರ ಒಂದೀಟು ಹೊತ್ತು ಸಮಾಧಾನ, ಆಮ್ಯಾಲ ಮತ್ತ ಅದ.”

“ಇದರಾಗ ತಪ್ಪೇನೈತ್ರಿ?” ಎಂದ ಸಂಗಮೇಶ. “ಹುಷಾರಿ ಮನಷಾ ಅದಾನ.”

ಪ್ರತಿಭಾ ತಿರುಗಿ ಅವನನ್ನು ನೋಡಿದರು.

ಸಪ್ಪೆ ದನಿ ಮುಂದುವರಿಯಿತು. “ಗ್ಯಾಸಿನ ಮ್ಯಾಲ ವಿಭೂತಿ ಗೆರಿ ಎಳಿತೀನಿ, ಅಲುಗಿದ್ರ ತಿಳಿಲಿ ಅಂತ. ಆಮ್ಯಾಲ ಗೆರಿ ನೋಡಾಕ ಏಳ್ತೀನಿ. ಮದವಿ ಆಗು ಅಂದ್ರ, ಆಕಿ ಗ್ಯಾಸ್ ಬಂದ್ ಮಾಡೂದು ಮರತ್ರ ಏನ್ ಮಾಡೂದು ಅಂತೀನಿ. ನನಗ ಯಾವ ಬಾಗಿಲಿಗೆ ಹೋಗಬೇಕ್ರಿ? ಅಲ್ಲಿ ಇರೋರು ನನ್ನ ಬೈಬಾರದು. ನಾ ಬಾಳ ಒಳ್ಳೇಂವ ಅದೀನಿ.”

ಸಂಗಮೇಶ ಯಂತ್ರ ನಿಲ್ಲಿಸಿದ. ಅವನ ಕಿವಿ ಕೆಂಪಾಗಿತ್ತು. ವಿಭೂತಿ ಗೆರೆಯ ಉಪಾಯ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮದುವೆಯ ಮಾತನ್ನು ಅವನು ಆಡಿದ್ದು ಒಬ್ಬಳ ಎದುರಿಗೆ ಮಾತ್ರ. ನಾಚಿಕೆಯ ಹಿಂದೆಯೇ ಇನ್ನೊಂದು ಯೋಚನೆ ಬಂತು. ಮಾತು ತನ್ನದಾದರೆ ಆ ಓಡುವ ನಾಡಿ ಯಾರದು?

“ಮೇಡಂ, ಹಕ್ಕಿ ಯಾರಂತ...” ಎಂದು ತೊಡಗಿದ.

“ಹೇಳಬ್ಯಾಡ್ರಿ,” ಎಂದರು ನದಾಫ್. “ಹೆಸರು ಕೇಳಬಾರದು ಅನ್ನೂದು ನಾವ ಮಾಡಿದ ನಿಯಮ. ಕರಕೊಂಡು ಬರ್ರಿ, ಸಾಕು.”

ಸಂಗಮೇಶ ಹೊರಟ. ಕಂಟ್ರೋಲ್ ರೂಮಿಗೆ ಬೀಗ ಹಾಕಿ ಗೇಟಿನವರೆಗೆ ಓಡಿದ, ವಾಪಸು ಬಂದು ಬೀಗ ಜಗ್ಗಿದ. ಅಂಥ ಹೊತ್ತಿನಲ್ಲೂ ಜಗ್ಗಿದ. ಜಗ್ಗುತ್ತಿರುವಾಗಲೇ ತನ್ನ ಕೈಯನ್ನು ತಾನೇ ನೋಡಿ ಅವನಿಗೆ ಮೊದಲ ಸಲ ವಿಚಿತ್ರ ಎನಿಸಿತು.

ಮನೆಯಲ್ಲಿ ಶಂಕ್ರವ್ವ ಒಲೆಯ ಮುಂದೆ ಕೂತಿದ್ದಳು. ಹಿಟ್ಟು ನಾದುವ ಕೊಣಮಿಗೆಯ ಪಕ್ಕದಲ್ಲಿ ಹರಿದ ರೊಟ್ಟಿಗಳ ಒಂದು ಗುಡ್ಡೆ ಬೇರೆ ಇತ್ತು. ಅವನ್ನು ಮಾರುವಂತಿರಲಿಲ್ಲ. ಸಂಗಮೇಶ ಬಾಗಿಲಲ್ಲೇ ನಿಂತು ಅವಳ ಕೈ ನೋಡಿದ. ಹಿಟ್ಟಿನ ಉಂಡೆಯ ಮೇಲೆ ಬೆರಳುಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು. ಬಳೆಗಳು ಮೊಣಕೈವರೆಗೂ ಸರಿಯುವಷ್ಟು ತೋಳು ಸೊರಗಿತ್ತು. ವಾರದಿಂದ ಕಾಣದ ತನ್ನ ಅಂಗಿಯೊಂದು ಅವನಿಗೆ ನೆನಪಾಯಿತು.

“ಅಕ್ಕಾ, ನನ್ನ ನೀಲಿ ಅಂಗಿ ಎಲ್ಲೈತಿ?”

“ಚೀಲದಾಗ,” ಎಂದುಬಿಟ್ಟಳು. ಆಮೇಲೆ ತುಟಿ ಕಚ್ಚಿಕೊಂಡಳು.

ಗೂಟಕ್ಕೆ ನೇತುಹಾಕಿದ್ದ ಅವಳ ಚೀಲದಲ್ಲಿ ಅಂಗಿ ನೀಟಾಗಿ ಮಡಚಿತ್ತು. ಅದರ ಅಡಿಯಲ್ಲಿ ಗೊರವಂಕ ಎಂದು ಬರೆದ ಬಿಲ್ಲೆ. ವಾಪಸು ಕೊಡುವುದನ್ನು ಮರೆತಿದ್ದಳು.

“ಅಂಗಿ ಯಾಕ ಒಯ್ದಿದ್ದಿ?”

“ಮತ್ತೇನು ಮಾಡಬೇಕೊ? ಸಣ್ಣಂವಿದ್ದಾಗ ನಿನಗ ಜ್ವರಾ ಬಿಡಲಿಲ್ಲಂತ ಮಠದ ಅಜ್ಜಾರ ಕಡೆ ನಿನ್ನ ಅಂಗಿ ಒಯ್ದು ಕೇಳಿದ್ದೆ. ಅಜ್ಜಾರು ಅಂಗಿ ಮುಟ್ಟಿ ವಿಭೂತಿ ಕೊಟ್ರು, ಜ್ವರಾ ಬಿಡ್ತು. ಏಳಾಕ ಆಗದವರನ್ನ ಅಲ್ಲೀತನಾ ಎಳಕೊಂಡು ಹೋಗೂದಕ್ಕಾಗತೈತೇನು? ಮನಿಯವರು ಹೋಗಿ ಕೇಳ್ತಾರ.” ಅವಳು ದನಿ ತಗ್ಗಿಸಿದಳು. “ನಿನಗ ಕೇಳೇ ಹೋಗೀನಿ. ಆ ಕುರ್ಚಿ ಮ್ಯಾಲ ಒಬ್ಬರ ಸಲುವಾಗಿ ಇನ್ನೊಬ್ಬರು ಕೂತ್ರ ನಡೀತೈತೇನು ಅಂತ ಕೇಳಿದ್ದೆ. ನೀ ಹೂಂ ಅಂದಿ.”

“ನಾ ಯಾವಾಗ ಅಂದೆ?”

“ಗ್ಯಾಸ್ ನೋಡಾಕತ್ತಿದ್ದಿ.”

ಗ್ಯಾಸು ನೋಡುವಾಗ ಮನೆ ಬರೆದುಕೊಡು ಎಂದರೂ ಅವನು ಹೂಂ ಎನ್ನುತ್ತಿದ್ದ.

“ನನಗ ನೇರ ಹೇಳಬೇಕಿತ್ತಕ್ಕಾ. ನಾನ ಕೂಡ್ತಿದ್ದೆ.”

“ಕೂಡ್ತಿದ್ದಿಲ್ಲ ನೀ. ಹೋದ ದೀಪಾವಳಿಗೆ ಹೇಳಿದ್ರ, ಎಂಜಿನಿಯರು ಅಂದ್ರ ಹಿಂಗ ಇರಬೇಕು ಅಂದಿ. ಮತ್ತ ಅದು ನಿನ್ನ ಕೆಲಸದ ಜಾಗಾ. ಯಂತ್ರಾ ಕಾಯಾಂವನ ಅದರ ಮ್ಯಾಲ ಕೂತಾನಂತ ನಾಕ ಮಂದಿ ನಗಬಾರದು. ಅದಕ್ಕ ನೀ ಹೆಂಗ ಹೇಳ್ತಿಯೋ ಹಂಗ ನಾ ಹೇಳಿದೆ. ಒಂದು ಮಾತು ಬಿಟ್ಟಿಲ್ಲ ನೋಡು.”

ಸಂಗಮೇಶ ಅವಳ ಎದುರು ಕುಕ್ಕರುಗಾಲಲ್ಲಿ ಕೂತು ಹಿಟ್ಟು ಮೆತ್ತಿದ ಅವಳ ಮಣಿಕಟ್ಟು ಹಿಡಿದ. ಪರದೆಯ ಮೇಲೆ ಸಾವಿರ ನಾಡಿ ನೋಡಿದವನು ಅಕ್ಕನ ನಾಡಿಯನ್ನು ಮುಟ್ಟಿದ್ದು ಅದೇ ಮೊದಲು. ಅದು ಅವನ ಬೆರಳ ಕೆಳಗೆ ಬೆಕ್ಕು ಅಟ್ಟಿಸಿಕೊಂಡು ಬಂದ ಕೋಳಿಮರಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಒಂದೇ ಒಲೆಯ ಊಟ ಮಾಡಿಕೊಂಡು ಇದನ್ನು ಕಾಣದೆ ಹೋದೆನಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು.

“ಅಕ್ಕಾ, ಕುರ್ಚಿ ಅಂಗಿ ನೋಡಂಗಿಲ್ಲ. ಕೂತವರ ಮೈ ನೋಡ್ತೈತಿ. ಮಾತು ನಂದು, ಮೈ ನಿಂದು. ಅದಕ್ಕ ಎರಡು ದೀಪ ಹತ್ತಿದ್ವು. ಒಂದು ನಿಂದು.”

“ನನಗೇನಾಗೇತಿ? ನಿನ್ನ ಚಿಂತಿಗೆ ಸೊರಗೀನಿ, ಅಷ್ಟ.”

“ಚಿಂತಿನೋ ಏನೋ ರಕ್ತ ನೋಡಿ ಹೇಳ್ತಾರ. ನಡಿ.”

ಶಂಕ್ರವ್ವ ಕೈ ಬಿಡಿಸಿಕೊಂಡಳು. “ನೀ ಕುರ್ಚಿ ಮ್ಯಾಲ ಕೂತ್ರ ನಾ ರಕ್ತ ಕೊಡ್ತೀನಿ. ಇಲ್ಲಂದ್ರ ಇಲ್ಲ.”

ಆ ಹೆಂಗಸಿನ ಹಟದ ಮುಂದೆ ಮಾಸ್ತರರೂ ಸೋತಿದ್ದರು, ಬಸ್ಸಿನವರೂ ಸೋತಿದ್ದರು. ಸಂಗಮೇಶ ಒಪ್ಪಿದ.

ರಕ್ತದ ವರದಿ ಬಂದಾಗ ಡಾ. ನದಾಫ್ ಅಂದುಕೊಂಡದ್ದೇ ನಿಜವಾಗಿತ್ತು. ಥೈರಾಯ್ಡ್ ಗ್ರಂಥಿ ಮೇರೆ ಮೀರಿ ಕೆಲಸ ಮಾಡುತ್ತಿತ್ತು. ನಡುಕ, ಬೆವರು, ನಿದ್ದೆಗೇಡು, ಎದೆಬಡಿತ ಎಲ್ಲಕ್ಕೂ ಅದೇ ಮೂಲ. ಅದಕ್ಕೆ ಬೇಕಾದ ವೈದ್ಯರಿಗೆ ಅವರೇ ಫೋನು ಮಾಡಿ ಹೇಳಿದರು.

“ಮನೋವೈದ್ಯರು ಆಗೂಕಿಂತ ಮೊದಲ ನಾವು ಬರೇ ವೈದ್ಯರ ಆಗಿರ್ತೀವಿ ನೋಡವ್ವಾ,” ಎಂದರು ನದಾಫ್. “ಮನಸ್ಸಿಂದು ಅಂತ ಬಂದದ್ದು ಒಮ್ಮೊಮ್ಮೆ ಮೈದಿರ್ತೈತಿ. ಅದನ್ನ ಆರಿಸೂದು ಈ ಬಾಗಿಲಿನ ಕೆಲಸ.”

“ಹಂಗಾದ್ರ ನನಗ ಹುಚ್ಚಿಲ್ಲೇನ್ರಿ?”

“ಇಲ್ಲ. ನಿಮ್ಮ ತಮ್ಮಗೂ ಇಲ್ಲ. ಇಲ್ಲಿ ಯಾರಿಗೂ ಆ ಹೆಸರಿಡಂಗಿಲ್ಲ.”

ಶಂಕ್ರವ್ವನ ಇನ್ನೊಂದು ಚಿಂತೆ ರೊಟ್ಟಿಯದು. ಕೈ ನಡುಕ ನಿಲ್ಲುವವರೆಗೆ ದಿನಾ ರೊಟ್ಟಿ ಕೊಳ್ಳುವ ಮನೆಗಳು ಕೈಬಿಟ್ಟು ಹೋದಾವು ಎಂದು ಅವಳು ಗುಳಿಗೆಯನ್ನೂ ಮರೆತು ಕೂತಿದ್ದಳು. ಅದು ಸೋಮಪ್ಪ ಲಮಾಣಿಯವರ ಪಾಲಿಗೆ ಬಂತು. ಅವರು ಓಣಿಗೆ ಹೋಗಿ ಇಬ್ಬರು ಹೆಂಗಸರನ್ನು ಮಾತಾಡಿಸಿ, ಶಂಕ್ರವ್ವ ಕೂತು ಹೇಳುವುದು ಅವರು ಬಡಿಯುವುದು ಎಂದು ಗೊತ್ತುಮಾಡಿದರು. ಅವಳು ಕೂತು ಹೇಳುವ ಬದಲು ಕೂತು ಬೈಯುತ್ತಿದ್ದಳು ಎಂದು ಆಮೇಲೆ ದೂರು ಬಂತು. ಅದನ್ನೂ ಲಮಾಣಿಯವರೇ ಬಗೆಹರಿಸಿದರು.

ಇನ್ನು ಸಂಗಮೇಶ. ಅವನು ಬಾಗಿಲಲ್ಲಿ ಬಿಲ್ಲೆ ತೆಗೆದುಕೊಂಡು, ಆ ಹೊತ್ತಿಗೆ ಹೊರಸಲು ಹಕ್ಕಿಯಾಗಿ, ತಾನೇ ತಿರುಪು ಬಿಗಿದ ಕುರ್ಚಿಯ ಮೇಲೆ ಕೂತ. ಏನು ಹೇಳಬೇಕೆಂದು ತಿಳಿಯಲಿಲ್ಲ. ಕೊನೆಗೆ ಅಕ್ಕ ಹೇಳಿದ ಮಾತುಗಳನ್ನೇ ಹೇಳಿದ, ಕಡೆಯ ಸಾಲೊಂದನ್ನು ಬಿಟ್ಟು. ಎರಡನೆಯ ಬಾಗಿಲಿನ ದೀಪ ಹೊತ್ತಿತು. ಅದೊಂದೇ, ಅಲುಗಾಡದೆ.

ಪ್ರತಿಭಾ ಬಾಗಿಲು ತೆರೆದು ನಿಂತಿದ್ದರು.

“ಒಂದ ನಿಮಿಷ ಮೇಡಂ. ಆ ದೀಪದ ವೈರು ಒಮ್ಮೆ ನೋಡಿ ಬರ್ತೀನ್ರಿ.”

“ಅದಕ್ಕ ಒಳಗ ಬರ್ರಿ ಅನ್ನಾಕತ್ತೈತಿ ಅದು,” ಎಂದರು ಅವರು.

ಒಳಗೆ ಅವನು ಮೊದಲು ಕೇಳಿದ್ದು ಗುಳಿಗೆಯ ಬಗ್ಗೆ. “ನಾ ಗುಳಿಗಿ ಬರಿಯಂಗಿಲ್ಲ, ಬರಿಯೂ ಹಕ್ಕೂ ನನಗಿಲ್ಲ,” ಎಂದರು ಪ್ರತಿಭಾ. “ಬೇಕಂತ ಅನಿಸಿದ್ರ ನದಾಫ್ ಮೇಡಂ ಕಡೆ ಕಳಸ್ತೀನಿ. ಇಬ್ಬರೂ ಕೂಡಿ ನೋಡೋದು ಬಾಳ ಸಲ ಇರ್ತೈತಿ. ನನ್ನದು ಬ್ಯಾರೆ ಕೆಲಸ. ಇದಕ್ಕ ಗೀಳು ಅಂತಾರ. ತಳಮಳ ಬರ್ತೈತಿ, ನೀವು ಹೋಗಿ ನೋಡ್ತೀರಿ, ತಳಮಳ ಇಳೀತೈತಿ. ನೋಡಿದ್ದಕ್ಕ ಇಳೀತು ಅಂತ ಮನಸ್ಸು ಕಲೀತೈತಿ. ನೋಡದಿದ್ರೂ ಇಳೀತೈತಿ ಅಂತ ನಾವು ಅದಕ್ಕ ಸಾವಕಾಶ ಕಲಿಸಬೇಕು. ಸಣ್ಣದರಿಂದ ಸುರು ಮಾಡೂಣು.”

ಕೇಳಿ ಸಂಗಮೇಶನಿಗೆ ಆಸಕ್ತಿ ಹುಟ್ಟಿತು. ಯಂತ್ರಕ್ಕೆ ತಾನು ಕಲಿಸಿದ್ದೂ ಹೀಗೆಯೇ, ತಪ್ಪು ಪಾಠ ಅಳಿಸಿ ಬೇರೆ ಪಾಠ ಬರೆಯುವುದು. ಆದರೆ ಯಂತ್ರಕ್ಕೆ ಎದೆ ಹೊಡೆದುಕೊಳ್ಳುವುದಿಲ್ಲ. ಮೊದಲ ವಾರ ಹಿತ್ತಲ ಬಾಗಿಲನ್ನು ಒಂದೇ ಸಲ ನೋಡಿ ಬಂದು ಕೂತಾಗ ಅವನು ಅಂಗಿ ಒದ್ದೆಯಾಗುವಷ್ಟು ಬೆವರಿದ. ಅಂಥ ಕಷ್ಟ ಅವನು ಕಂಡೇ ಇರಲಿಲ್ಲ.

ಒಂದು ದಿನ ಪ್ರತಿಭಾ ಶಂಕ್ರವ್ವನನ್ನೂ ಕರೆಸಿದರು. “ಇವರು ಬಂದ್ ಮಾಡೀನಿಲ್ಲೊ ಅಂತ ಕೇಳಿದ್ರ ನೀವೇನಂತೀರಿ?”

“ಮಾಡಿಯಪಾ ಅಂತೀನಿ.”

“ಇನ್ನ ಮುಂದ ಅನಬ್ಯಾಡ್ರಿ.”

ಶಂಕ್ರವ್ವನಿಗೆ ಸಿಟ್ಟು ಬಂತು. “ಕೇಳಿದ್ದಕ್ಕ ಉತ್ತರ ಕೊಡೂದು ತಪ್ಪೇನ್ರಿ? ಸಣ್ಣಂವಿದ್ದಾಗಿಂದ ಕೊಟ್ಟೀನಿ.”

“ಗೊತ್ತೈತ್ರಿ. ಆದ್ರ ಆ ಉತ್ತರ ಇವರಿಗೆ ಮುಟ್ಟಂಗಿಲ್ಲ, ಗೀಳಿಗೆ ಮುಟ್ಟತೈತಿ. ನೀವು ದಿನಾ ಅದಕ್ಕ ಊಟ ಹಾಕಾಕತ್ತೀರಿ.”

ಸಿಟ್ಟು ಇಳಿದ ಮೇಲೆ ಅವಳ ಮುಖದಲ್ಲಿ ಉಳಿದದ್ದು ದುಃಖ. “ಮತ್ತ ನಾ ಏನು ಮಾಡ್ಲಿ?” ಎಂದು ಕೇಳಿದಳು. “ಸುಮ್ನಿರ್ರಿ,” ಎಂದರು ಪ್ರತಿಭಾ. “ಜ್ವರದಾಗ ಎತ್ತಿಕೊಂಡು ಕೂಡೂದಕಿಂತ ಇದು ಬಿರಸು ಕೆಲಸ. ನನಗ ಗೊತ್ತೈತಿ.”

ಈ ನಡುವೆ ಸಂಗಮೇಶ ಕೈಮರಕ್ಕೆ ಒಂದು ಸಣ್ಣ ಬದಲಾವಣೆ ಮಾಡಿದ. ಕೂತವರ ಕಷ್ಟ ಕೇಳುವ ಮೊದಲು ಅದು ಈಗ ಒಂದು ಪ್ರಶ್ನೆ ಕೇಳುತ್ತದೆ: “ಯಾರ ಸಲುವಾಗಿ ಬಂದೀರಿ?” ಮೊದಲ ದಿನವೇ ಎಲ್ಲರೂ ಬೆರಗಾದರು. ಮಗನ ಸಲುವಾಗಿ ಎಂದವರಿದ್ದರು, ಗಂಡನ ಸಲುವಾಗಿ ಎಂದವರಿದ್ದರು, ಊರಲ್ಲಿರುವ ತಂಗಿಯ ಸಲುವಾಗಿ ಎಂದು ತಂಗಿಯ ಕುಪ್ಪಸ ತಂದವರೂ ಇದ್ದರು. ಇಷ್ಟು ದಿನ ಎಷ್ಟು ಜನ ಇನ್ನೊಬ್ಬರ ಮಾತನ್ನು ತಮ್ಮ ಮೈಯಲ್ಲಿ ಹೊತ್ತು ತಂದಿದ್ದರೋ. ಅಂಥವರಿಗೆ ಈಗ ಕೈಮರ ಎರಡು ದೀಪ ಹೊತ್ತಿಸುತ್ತದೆ, ಒಂದು ತಂದ ಮಾತಿಗೆ, ಒಂದು ತಂದವರಿಗೆ. ಅದನ್ನು ಯಾರೂ ಕೆಟ್ಟಿದೆ ಎನ್ನುವುದಿಲ್ಲ.

ಬೇಸಿಗೆ ಹತ್ತಿರವಾದ ಒಂದು ಬೆಳಿಗ್ಗೆ ಅಕ್ಕ ತಮ್ಮ ಇಬ್ಬರೂ ಕೇಂದ್ರಕ್ಕೆ ಹೊರಟರು. ಶಂಕ್ರವ್ವನ ಬಳೆಗಳು ಮೊಣಕೈಗೆ ಸರಿಯುವುದನ್ನು ಬಿಟ್ಟು ಮಣಿಕಟ್ಟಿನಲ್ಲೇ ನಿಲ್ಲುತ್ತಿದ್ದವು. ಹಿಂದಿನ ದಿನ ಅವಳು ಬಡಿದ ಒಂದು ರೊಟ್ಟಿ ಅಂಚು ಹರಿಯದೆ ಎದ್ದಿತ್ತು. ಸಂಗಮೇಶ ಗ್ಯಾಸನ್ನು ಒಮ್ಮೆ ನೋಡಿದ, ಗೆರೆ ಎಳೆಯಲಿಲ್ಲ. ಬೀಗ ಹಾಕಿ ಒಮ್ಮೆ ಜಗ್ಗಿದ. ಒಂದು ಸಲಕ್ಕೆ ಪ್ರತಿಭಾ ಅವರ ಒಪ್ಪಿಗೆಯಿತ್ತು. ಕೀಲಿಕೈ ಕಿಸೆಗೆ ಹಾಕಿಕೊಂಡು ನಡೆದ.

ಹಿಟ್ಟಿನ ಗಿರಣಿಯ ಹತ್ತಿರ ಬಂದಾಗ ಅವನ ಕಾಲು ನಿಂತವು. ಅವನು ಹಿಂದಕ್ಕೆ ತಿರುಗಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಹಣೆಯ ಮೇಲೆ ಬೆವರು ಮೂಡಿತು.

“ಅಕ್ಕಾ,” ಎಂದ. “ಕೀಲಿ ಹಾಕೀನಿಲ್ಲೊ?”

ಶಂಕ್ರವ್ವ ನೋಡಿದ್ದಳು. ಅವನು ಹಾಕಿದ್ದನ್ನೂ ನೋಡಿದ್ದಳು, ಜಗ್ಗಿದ್ದನ್ನೂ ನೋಡಿದ್ದಳು. ಒಂದು ಮಾತು ಅಂದರೆ ಮುಗಿಯಿತು, ಅವನ ಮುಖ ತಿಳಿಯಾಗುತ್ತದೆ. ಆ ಮಾತು ಆಗಲೇ ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಗಿರಣಿಯ ಬಾಗಿಲನ್ನು ನೋಡುತ್ತ ನಿಂತಳು. ಅವಳ ಕಣ್ಣು ತುಂಬಿಕೊಂಡವು.

ಸಂಗಮೇಶ ಕಾದ. ಉತ್ತರ ಬರಲಿಲ್ಲ. ಗಿರಣಿ ತನ್ನ ಪಾಡಿಗೆ ಯಾರದೋ ಜೋಳ ಬೀಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನು ಹಣೆ ಒರೆಸಿಕೊಂಡು ಒಂದು ಹೆಜ್ಜೆ ಇಟ್ಟ. ಆಮೇಲೆ ಇನ್ನೊಂದು. ಮೂಲೆ ತಿರುಗುವವರೆಗೂ ಹಿಂದೆ ನೋಡಲಿಲ್ಲ.

ಅವನಿಗೆ ಕೇಳಿಸದಷ್ಟು ದೂರ ಹೋದ ಮೇಲೆ ಶಂಕ್ರವ್ವ ಬಾಯಿಯಿಂದ ಸೆರಗು ತೆಗೆದಳು. “ಹಾಕಿಯಪಾ,” ಎಂದು ಮೆಲ್ಲಗೆ ತನ್ನಷ್ಟಕ್ಕೆ ಹೇಳಿಕೊಂಡು, ಅವನನ್ನು ಕೂಡಿಕೊಳ್ಳಲು ಬಿರಬಿರನೆ ನಡೆದಳು.